ಗೊರಾನ್‌ಗಳು ಕೆಮ್ಮೋದಿಲ್ಲ

ಕಳೆದ ದೀಪಾವಳಿ ರಜೆಯಲ್ಲಿ ಊರಿಗೆ ಹೋದಾಗ ನಿಂಟೆಂಡೋ ಸ್ವಿಚ್ಚನ್ನೂ ಬ್ಯಾಗಿಗೆ ಹಾಕ್ಕೊಂಡು ಹೋಗಿದ್ದೆ. ಮಂಚೇನಹಳ್ಳಿಯ ನಮ್ಮನೆ ಜಗಲಿ ಮೇಲೆ ಕೂತು ಜೆಲ್ಡಾ ಆಡ್ತಿದ್ದೆ. ಅಕ್ಕನ ಮಗ, ಏಳು ವರ್ಷದ ಹುಡುಗ, ಪಕ್ಕಕ್ಕೆ ಬಂದು ಪರದೆ ಮೇಲಿದ್ದ ದಪ್ಪ ಹೊಟ್ಟೆಯ, ಬೆನ್ನ ಮೇಲೆ ಬಂಡೆ ಹೊತ್ತ ಪ್ರಾಣಿಯನ್ನ ತೋರಿಸಿ ಕೇಳಿದ: "ಮಾಮ, ಇವರು ಯಾರು?"

"ಗೊರಾನ್‌ಗಳು ಕಣೋ. ಬೆಟ್ಟದಲ್ಲಿರ್ತಾರೆ. ಕಲ್ಲು ಒಡೀತಾರೆ, ಕಲ್ಲೇ ತಿಂತಾರೆ. ತುಂಬಾ ಒಳ್ಳೆಯವರು."

"ಹಂಗಂದ್ರೆ ಕ್ವಾರಿಯವರಾ?"

ನಾನು ನಕ್ಕೆ. ಆಮೇಲೆ ನಗು ನಿಂತುಹೋಯ್ತು. ಈ ಬರಹ ಹುಟ್ಟಿದ್ದು ಆ ಹುಡುಗನ ಪ್ರಶ್ನೆಯಿಂದ.

ಗೊತ್ತಿಲ್ಲದವರಿಗೆ ಎರಡು ಮಾತು. ಜೆಲ್ಡಾ ಅನ್ನೋದು ಜಪಾನಿನ ನಿಂಟೆಂಡೋ ಕಂಪನಿಯ ಆಟಗಳ ಸರಣಿ. ಗೊರಾನ್‌ಗಳು ಅದರಲ್ಲಿ ಮೊದಲು ಬಂದಿದ್ದು 1998ರ 'ಆಕರಿನಾ ಆಫ್ ಟೈಮ್'ನಲ್ಲಿ. ಡೆತ್ ಮೌಂಟನ್ ಅನ್ನೋ ಬೆಂಕಿಬೆಟ್ಟದ ಮೇಲೆ ಇವರ ಊರು. ಕಲ್ಲೇ ಊಟ. ಚೆಂಡಿನ ಥರ ಸುತ್ತಿಕೊಂಡು ಉರುಳ್ತಾರೆ. ಕಂಡಕಂಡವರನ್ನೆಲ್ಲ "ಬ್ರದರ್" ಅಂತ ಕರೀತಾರೆ. ಮೋಸ ಗೊತ್ತಿಲ್ಲ, ಸುಸ್ತು ಗೊತ್ತಿಲ್ಲ. 2017ರ 'ಬ್ರೆತ್ ಆಫ್ ದಿ ವೈಲ್ಡ್'ನಲ್ಲೂ, 2023ರ 'ಟಿಯರ್ಸ್ ಆಫ್ ದಿ ಕಿಂಗ್‌ಡಮ್'ನಲ್ಲೂ ಇವರದ್ದೇ ಗಣಿ, ಇವರದ್ದೇ ಗಣಿ ಕಂಪನಿ. ಇಪ್ಪತ್ತೈದು ವರ್ಷಗಳಿಂದ ಆಟ ಆಡೋರಿಗೆಲ್ಲ ಗೊರಾನ್ ಅಂದ್ರೆ ಪ್ರೀತಿ. ನನಗೂ ಅಷ್ಟೇ. ಈಗಲೂ.

ಆದ್ರೆ ನನ್ನ ವಾದ ಇಷ್ಟು: ಕಲ್ಲಿನ ಕೆಲಸ ಮಾಡೋರು ಯಾವಾಗಲೂ ಖುಷಿಯಾಗಿರ್ತಾರೆ, ಗಟ್ಟಿಮುಟ್ಟಾಗಿರ್ತಾರೆ, ಅವರಿಗೆ ಕಲ್ಲೇ ಊಟ, ಅದೇ ಅವರ ಹುಟ್ಟುಗುಣ ಅನ್ನೋ ಕಲ್ಪನೆ ಜಪಾನಿನಲ್ಲಿ ಕೂತು ಯಾರೋ ಹೊಸದಾಗಿ ಕಂಡುಹಿಡಿದಿದ್ದಲ್ಲ. ಅದು ನಮ್ಮಲ್ಲಿ ಎಷ್ಟೋ ಕಾಲದಿಂದ ಇದೆ. ಅದಕ್ಕೆ ನಾವು ಇಟ್ಟ ಹೆಸರು ಜಾತಿ.

ನಮ್ಮ ಕಡೆ ಕಲ್ಲು ಒಡೆಯೋರು ಭೋವಿಗಳು. ಒಡ್ಡರು ಅಂತಲೂ ಕರೀತಾರೆ. ಮಣ್ಣು ಒಡ್ಡರು ಕೆರೆ ಕಟ್ಟಿದರು, ಬಾವಿ ತೋಡಿದರು. ಕಲ್ಲು ಒಡ್ಡರು ಬಂಡೆ ಸೀಳಿದರು. ನದಿ ಅಂತ ಹೇಳಿಕೊಳ್ಳೋಕೆ ಒಣಗಿದ ಉತ್ತರ ಪಿನಾಕಿನಿಯೊಂದನ್ನ ಇಟ್ಟುಕೊಂಡಿರೋ ನಮ್ಮ ಸೀಮೆ ಬದುಕಿದ್ದೇ ಕೆರೆಗಳಿಂದ. ಆ ಏರಿ, ಆ ತೂಬು, ಆ ಕೋಡಿ ಕಟ್ಟಿದ ಕೈಗಳು ಯಾವುವು ಅಂತ ಶಾಲೆಯ ಪುಸ್ತಕದಲ್ಲಿ ಒಂದು ಸಾಲು ಓದಿದ ನೆನಪು ನನಗಿಲ್ಲ. ಆದ್ರೆ ಆ ಜಾತಿಯ ಹೆಸರನ್ನ ಬೈಗುಳವಾಗಿ ಬಳಸೋದನ್ನ ಮಾತ್ರ ಚಿಕ್ಕಂದಿನಿಂದ ಕೇಳಿದೀನಿ. ನೀವೂ ಕೇಳಿದೀರಿ. ಒರಟಾಗಿ ಮಾತಾಡಿದವನಿಗೆ ಏನಂತೀವಿ, ನೆನಪು ಮಾಡ್ಕೊಳ್ಳಿ. ಬೆಂಗಳೂರಿನ ಆಫೀಸ್ ಕ್ಯಾಂಟೀನಿನಲ್ಲೂ ಆ ಪದ ಸಲೀಸಾಗಿ ಓಡಾಡುತ್ತೆ.

ನಮ್ಮಪ್ಪನಿಗೆ ಆಗ ಎರಡೆಕರೆ ದ್ರಾಕ್ಷಿ ತೋಟ ಇತ್ತು. ದ್ರಾಕ್ಷಿ ಚಪ್ಪರ ನಿಲ್ಲೋದು ಕಲ್ಲುಕೂಚದ ಮೇಲೆ. ನಮ್ಮ ಕೂಚಗಳನ್ನ ಸೀಳಿಕೊಟ್ಟವರನ್ನ ನಾನು ಕಲ್ಲುತಾತ ಅಂತ ಕರೀತಿದ್ದೆ. ಬಂಡೆ ಮೇಲೆ ಸಾಲಾಗಿ ಗುಳಿ ಹೊಡೆದು, ಒಂದೊಂದರಲ್ಲೂ ಬೆಣೆ ಕೂರಿಸಿ, ಸಮ್ಮಟಿಯಿಂದ ಈ ತುದಿಯಿಂದ ಆ ತುದಿಗೆ ಒಂದೊಂದೇ ಏಟು ಹಾಕ್ಕೊಂಡು ಹೋಗೋರು. ಕಿವಿ ಕಲ್ಲಿನ ಕಡೆಗೇ. ಏಟಿನ ಸದ್ದು ಬದಲಾದ ತಕ್ಷಣ ನಿಲ್ಲಿಸೋರು. ಇನ್ನೊಂದೇ ಏಟು, ಬಂಡೆ ಗೆರೆ ಎಳೆದ ಹಾಗೆ ಸೀಳಿಕೊಳ್ಳೋದು. ಬಂಡೆ ಮೇಲೆ ಬೆಂಕಿ ಹಾಕಿ, ಕಾದ ಪದರ ಎಬ್ಬಿಸಿ ಚಪ್ಪಡಿ ತೆಗೆಯೋದೂ ಅವರಿಗೆ ಗೊತ್ತಿತ್ತು. ನಾನು ಇಂಜಿನಿಯರಿಂಗ್ ಓದಿದವನು. ಕಲ್ಲಿನ ಒಳಗಿನ ಬಿರುಕಿನ ಬಗ್ಗೆ ಅವರಷ್ಟು ತಿಳಿದ ಮೇಷ್ಟ್ರು ನನಗೆ ಕಾಲೇಜಿನಲ್ಲಿ ಸಿಗಲಿಲ್ಲ.

ಅವರು ಮನೆಯಲ್ಲಿ ಆಡೋದು ತೆಲುಗು. ನನ್ನನ್ನ ಕಂಡಾಗೆಲ್ಲ "ತಿಂಟಿವಾ ನಾಯ್ನಾ?" ಅನ್ನೋರು. ತಿಂದೆ ತಾತ, ಅಂತಿದ್ದೆ. ನೀವು ತಿಂದ್ರಾ ಅಂತ ಒಂದು ದಿನವೂ ಕೇಳಿದ ನೆನಪಿಲ್ಲ. ಅಪ್ಪ ಕೂಚಕ್ಕೆ ಇಷ್ಟು ಅಂತ ಚೌಕಾಸಿ ಮಾಡಿದಾಗಲೂ ನಗೋರು, ಕಾಸು ಮುಂದಿನ ವಾರ ಅಂದಾಗಲೂ ನಗೋರು. "ಎಷ್ಟು ಒಳ್ಳೆ ಮನುಷ್ಯ" ಅಂತ ಅಮ್ಮ ಹೇಳೋಳು. ಒಳ್ಳೆಯವರೇ, ಅನುಮಾನ ಇಲ್ಲ. ಆದ್ರೆ ಈಗ ಅನ್ನಿಸುತ್ತೆ, ಬರಬೇಕಾದ ದುಡ್ಡು ಇನ್ನೊಬ್ಬರ ಜೇಬಿನಲ್ಲಿ ಇರುವಾಗ ನಗದೇ ಇರೋದು ಎಷ್ಟು ಜನಕ್ಕೆ ಸಾಧ್ಯ?

ಆಮೇಲೆ ಅವರು ಕ್ವಾರಿಗೆ ಕೂಲಿಗೆ ಹೋದರು. ಅಲ್ಲಿ ಕಂಪ್ರೆಸರ್ ಹಚ್ಚಿ ಡ್ರಿಲ್ ಹೊಡೆಯೋ ಕೆಲಸ. ಕೆಲವು ವರ್ಷಕ್ಕೆ ಕೆಮ್ಮು ಶುರುವಾಯ್ತು. ಆಸ್ಪತ್ರೆಯೊಂದರಲ್ಲಿ ಟಿಬಿ ಅಂತ ಮಾತ್ರೆ ಕೊಟ್ಟರು. ಮಾತ್ರೆ ಮುಗೀತು, ಕೆಮ್ಮು ಮುಗೀಲಿಲ್ಲ. ಏನು ಕೆಲಸ ಮಾಡ್ತೀಯಪ್ಪ ಅಂತ ಯಾರೂ ಕೇಳಲೇ ಇಲ್ಲವಂತೆ. ಅವರು ತೀರಿಕೊಂಡಾಗ ನಾನು ಪಿಯುಸಿಯಲ್ಲಿದ್ದೆ. ಅವತ್ತು ಅಪ್ಪ ಹೇಳಿದ ಮೇಲೆ ಗೊತ್ತಾಯ್ತು, ನಾನು ತಾತ ತಾತ ಅಂತಿದ್ದವರಿಗೆ ಐವತ್ತೂ ತುಂಬಿರಲಿಲ್ಲ. ಅಪ್ಪನಿಗಿಂತ ಎರಡು ವರ್ಷಕ್ಕೆ ಚಿಕ್ಕೋರು.

ಈ ಕಾಯಿಲೆಗೆ ಹೆಸರಿದೆ. ಸಿಲಿಕೋಸಿಸ್. ಗ್ರಾನೈಟಿನಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಕ್ವಾರ್ಟ್ಜ್ ಇರುತ್ತೆ. ಅದನ್ನ ಕೊರೆದಾಗ, ಅರೆದಾಗ, ಕೊಯ್ದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಕಣ ಇರುತ್ತೆ, ನಮ್ಮ ಕೂದಲೆಳೆಗಿಂತ ಹತ್ತಾರು ಪಟ್ಟು ಸಣ್ಣದು. ಮೂಗಿಗೆ ಕಟ್ಟಿದ ಟವೆಲ್ಲು ಅದನ್ನ ತಡೆಯಲ್ಲ. ಶ್ವಾಸಕೋಶದ ಆಳಕ್ಕೆ ಹೋಗಿ ಕೂರುತ್ತೆ, ಸುತ್ತ ಗಾಯವಾಗುತ್ತೆ, ಗಾಯ ಗಟ್ಟಿಯಾಗುತ್ತೆ. ಒಮ್ಮೆ ಗಟ್ಟಿಯಾದ ಶ್ವಾಸಕೋಶ ಮತ್ತೆ ಮೆತ್ತಗಾಗೋಲ್ಲ. ವಾಸಿ ಮಾಡುವ ಔಷಧಿ ಇಲ್ಲ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ತಗಲುವ ಸಾಧ್ಯತೆಯೂ ಹೆಚ್ಚು. ಟಿಬಿ ಇಲ್ಲದಿದ್ರೂ ಎಕ್ಸ್‌ರೇ ನೋಡಿ ಟಿಬಿ ಅಂದುಕೊಳ್ಳೋದೂ ಮಾಮೂಲು. 1997ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಈ ಧೂಳನ್ನ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿತು. ಅಂದ್ರೆ ಇದೇನು ನಿಗೂಢ ರೋಗ ಅಲ್ಲ. ಕಾರಣ ಗೊತ್ತು, ತಡೆಯೋದು ಹೇಗೆ ಅಂತಲೂ ಗೊತ್ತು. ಡ್ರಿಲ್ ಹೊಡೆಯುವಾಗ ನೀರು ಬಿಡಬೇಕು. ಕ್ರಷರಿಗೆ ಮುಚ್ಚಿಗೆ ಹಾಕಿ ನೀರು ಸಿಂಪಡಿಸಬೇಕು. ಸರಿಯಾದ ಫಿಲ್ಟರ್ ಇರುವ ಮಾಸ್ಕ್ ಕೊಡಬೇಕು. ಇಷ್ಟೇ.

ಆಟದಲ್ಲಿ ಗೊರಾನ್ ಕಲ್ಲು ತಿಂತಾನೆ. ನಮ್ಮೂರಲ್ಲಿ ಕಲ್ಲೇ ಮನುಷ್ಯನನ್ನ ಒಳಗಿನಿಂದ ತಿನ್ನುತ್ತೆ. ನೂರಾರು ಗಂಟೆ ಜೆಲ್ಡಾ ಆಡಿದೀನಿ. ಒಬ್ಬ ಗೊರಾನ್ ಕೆಮ್ಮಿದ್ದನ್ನ ನಾನು ನೋಡಿಲ್ಲ.

"ಅದು ಆಟ ಗುರೂ, ಅದರಲ್ಲೂ ಜಾತಿ–ಕೂಲಿ ಹುಡುಕ್ತೀಯಲ್ಲ" ಅಂತ ನಿಮ್ಮಲ್ಲಿ ಅರ್ಧ ಜನ ಈಗಾಗಲೇ ಗೊಣಗಿರ್ತೀರಿ. ಗೊಣಗಿ, ಪರವಾಗಿಲ್ಲ. ನಾನು ಆಟ ನಿಲ್ಲಿಸಿ ಅಂತಿಲ್ಲ, ನಿಂಟೆಂಡೋ ಕ್ಷಮೆ ಕೇಳಲಿ ಅಂತಲೂ ಅಲ್ಲ. ನಿಜ ಹೇಳಬೇಕಂದ್ರೆ ಕೆಲವು ವಿಷಯದಲ್ಲಿ ಆ ಆಟ ನಮಗಿಂತ ಎಷ್ಟೋ ವಾಸಿ.

ನೋಡಿ, 'ಆಕರಿನಾ'ದಲ್ಲಿ ಗ್ಯಾನನ್‌ಡಾರ್ಫ್ ಅನ್ನೋ ಖಳನಾಯಕ ಗೊರಾನ್‌ಗಳ ಹತ್ತಿರ ಇರುವ ಪವಿತ್ರ ಹರಳು ಕೇಳ್ತಾನೆ. ಕೊಡಲ್ಲ ಅಂದಾಗ ಅವರ ಊಟದ ಕಲ್ಲು ಸಿಗುವ ಡೊಡೊಂಗೋ ಗುಹೆಯ ಬಾಯಿಗೆ ಬಂಡೆ ಇಟ್ಟು ಮುಚ್ಚಿಬಿಡ್ತಾನೆ. ಇಡೀ ಊರು ಹಸಿವಿನಿಂದ ಮಂಕಾಗಿ ಕೂತಿರುತ್ತೆ. ಆ ಊರಿನ ಹಸಿವು ತೀರದೆ ಕಥೆ ಮುಂದಕ್ಕೆ ಹೋಗಲ್ಲ. ಅವರಿಗೊಬ್ಬ ನಾಯಕ ಇದ್ದಾನೆ, ಡರೂನಿಯಾ. ಅವನ ಮಾತಿಗೆ ಬೆಲೆ ಇದೆ. ಬೆಟ್ಟ ಅವರದ್ದು, ಕೊಡಲ್ಲ ಅನ್ನೋ ಹಕ್ಕೂ ಅವರದ್ದು.

ನಮ್ಮಲ್ಲಿ? ಬೆಟ್ಟದ ಗುತ್ತಿಗೆ ಒಬ್ಬರ ಹೆಸರಲ್ಲಿ, ಕ್ರಷರ್ ಇನ್ನೊಬ್ಬರ ಹೆಸರಲ್ಲಿ, ಟಿಪ್ಪರ್ ಮತ್ತೊಬ್ಬರದ್ದು. ಧೂಳು ಮಾತ್ರ ಕೂಲಿಯವನ ಹೆಸರಲ್ಲಿ. ತಲೆತಲಾಂತರದಿಂದ ಬಂಡೆ ಸೀಳಿಕೊಂಡು ಬಂದ ಮನೆತನಗಳು ಇವತ್ತು ಅದೇ ಬಂಡೆ ಮೇಲೆ ದಿನಗೂಲಿ.

'ಬ್ರೆತ್ ಆಫ್ ದಿ ವೈಲ್ಡ್'ನಲ್ಲಿ ಇನ್ನೊಂದು ವಿಷಯ ಇದೆ. ಗೊರಾನ್ ಊರಿನ ಕಡೆ ಹೆಜ್ಜೆ ಇಟ್ಟರೆ ಬಿಸಿಗೆ ನಾಯಕನ ಮೈಗೇ ಬೆಂಕಿ ಹತ್ತುತ್ತೆ. ಅದಕ್ಕೆ ಬೆಂಕಿ ತಡೆಯುವ ಕಷಾಯ, ಬೆಂಕಿ ತಡೆಯುವ ಕವಚ. ದಾರಿಯ ಗಣಿಯಲ್ಲಿ ಒಬ್ಬರಿಗೆ ಹತ್ತು ಹಲ್ಲಿ ಹಿಡಿದು ಕೊಟ್ಟರೆ ಕವಚ ಪುಕ್ಕಟೆ ಸಿಗುತ್ತೆ. ಅಂದ್ರೆ ಕಾಲ್ಪನಿಕ ಬೆಟ್ಟದ ಮೇಲೆ ಸಂದರ್ಶಕನಿಗೂ ಸುರಕ್ಷಾ ಸಾಮಗ್ರಿ ಕಡ್ಡಾಯ. ನಮ್ಮ ಕ್ವಾರಿಗಳಲ್ಲಿ ನಾನು ಕಂಡಿದ್ದು ಹವಾಯಿ ಚಪ್ಪಲಿ, ಟವೆಲ್ಲು.

ಅದೇ ಆಟದಲ್ಲಿ ಬ್ಲೂಡೋ ಅಂತ ಗೊರಾನ್‌ಗಳ ಯಜಮಾನ ಇದ್ದಾನೆ. ವಯಸ್ಸಾಗಿದೆ, ಬೆನ್ನುನೋವು. ನೋವಿನ ಔಷಧಿ ತರಲು ಹೋದ ಯೂನೋಬೋ ವಾಪಸ್ ಬಂದಿಲ್ಲ, ಹುಡುಕಿಕೊಂಡು ಬಾ ಅಂತ ನಮಗೆ ಹೇಳ್ತಾನೆ. ಆಟದಲ್ಲಿ ಅದು ತಮಾಷೆ. ಯಜಮಾನನ ಬೆನ್ನು ಹಿಡ್ಕೊಳ್ಳೋದು ನೋಡಿ ನಾನೂ ನಕ್ಕಿದೀನಿ. ಆದ್ರೆ ಒಂದು ಕ್ಷಣ ಯೋಚನೆ ಮಾಡಿ: ಕಲ್ಲಿನ ಕೆಲಸ ಮೈ ಮುರಿಯುತ್ತೆ ಅನ್ನೋದು ಆಟ ಮಾಡಿದವರಿಗೂ ಗೊತ್ತು. ನಮಗೆ ಮಾತ್ರ ಗೊತ್ತಿಲ್ಲ.

ಇನ್ನು ಸ್ಫೋಟದ ವಿಷಯ. ಡೆತ್ ಮೌಂಟನ್ನಿನಲ್ಲಿ ಬಾಂಬ್ ಹೂವು ಬೆಳೆಯುತ್ತೆ. ಕಿತ್ತು ಬಂಡೆ ಮೇಲೆ ಎಸೆದ್ರೆ ಢಂ. ಬಂಡೆ ಮಾಯ, ದಾರಿ ಸಿದ್ಧ. ಹತ್ತಿರ ನಿಂತರೆ ಒಂದೆರಡು ಹೃದಯ ಕಡಿಮೆಯಾಗುತ್ತೆ, ಅಷ್ಟೇ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಕ್ವಾರಿಗೆ ಬಂದಿದ್ದ ಸ್ಫೋಟಕ ಸಿಡಿದಾಗ ಸುತ್ತಲಿನ ಊರುಗಳ ಜನ ಭೂಕಂಪ ಅಂದ್ಕೊಂಡು ಬೀದಿಗೆ ಓಡಿಬಂದಿದ್ದರು. ಅದಾಗಿ ಒಂದು ತಿಂಗಳು ಕಳೀತು, ಫೆಬ್ರವರಿ 23ರ ಹೊತ್ತಿಗೆ ನಮ್ಮದೇ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು 6 ಜನ ಸತ್ತರು. ಎರಡು ದಿನ ಟಿವಿಯಲ್ಲಿ ಬಂತು. ಮಂತ್ರಿಗಳು ಬಂದರು, ಪರಿಹಾರ ಘೋಷಣೆ ಆಯ್ತು. ನಮ್ಮ ಆಫೀಸ್ ಗ್ರೂಪಿನಲ್ಲಿ ಒಬ್ಬರು ಕೇಳಿದ್ದು: "ನಂದಿ ಹಿಲ್ಸ್ ರೋಡ್ ಓಪನ್ ಇದೆಯಾ ವೀಕೆಂಡ್‌ಗೆ?"

ಕೇಳಿದವರು ಕೆಟ್ಟವರಲ್ಲ. ನಾನೂ ಅಲ್ಲೇ ಇದ್ದೆ, ನಾನೇ ಉತ್ತರ ಕೊಟ್ಟೆ: ಓಪನ್ ಇದೆ.

ನಂದಿ ಬೆಟ್ಟ ನಮಗೆ ಬೇಕು. 1478 ಮೀಟರ್ ಎತ್ತರ, ಮೋಡ, ಮುಂಜಾನೆ, ಫೋಟೋ. ಲಾಲ್‌ಬಾಗಿನ ಬಂಡೆಯೂ ಬೇಕು. ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಅದರ ಮುಂದೆ ಬೋರ್ಡು ಹಾಕಿದೀವಿ. ವಿಧಾನಸೌಧವನ್ನ 1956ರಲ್ಲಿ ಕಟ್ಟಿ ಮುಗಿಸಿದಾಗ ಅದಕ್ಕೆ ಸಾವಿರಾರು ಜನ ಕಲ್ಲು ಹೊತ್ತಿದ್ದರು, ಕೆತ್ತಿದ್ದರು. ಅವರಲ್ಲಿ ಜೈಲಿನ ಕೈದಿಗಳೂ ಇದ್ದರು. ಕೆಂಗಲ್ ಹನುಮಂತಯ್ಯನವರ ಹೆಸರು ನಮಗೆ ಬಾಯಿಪಾಠ, ಅದು ಸರಿಯೇ. ಉಳಿ ಹಿಡಿದವರಲ್ಲಿ ಒಬ್ಬನ ಹೆಸರು ಹೇಳಿ ನೋಡೋಣ?

ಇನ್ನೊಂದು. ಗೊರಾನ್‌ಗಳ ಊರಿನಲ್ಲಿ ಹೆಂಗಸರು ಕಾಣಿಸೋದೇ ಇಲ್ಲ. ಎಲ್ಲರೂ ಬ್ರದರ್. ಇದರ ಬಗ್ಗೆ ಆಟ ಆಡೋರು ಬೇಕಾದಷ್ಟು ತಮಾಷೆ ಮಾಡ್ತಾರೆ. ನಮ್ಮ ಚಿತ್ರದಲ್ಲೂ ಅದೇ ಕಥೆ: ಕಲ್ಲು ಒಡೆಯೋನು ಅಂದ್ರೆ ಕಣ್ಣ ಮುಂದೆ ಬರೋದು ಗಟ್ಟಿ ತೋಳಿನ ಗಂಡಸು. ನಾನು ಬೆಳೆದ ರಸ್ತೆಯ ಬದಿಯಲ್ಲಿ ಟಾರು ಹಾಕೋ ಮುಂಚೆ ಜಲ್ಲಿ ಕುಟ್ಟುತ್ತಾ ಕೂರ್ತಿದ್ದವರು ಹೆಂಗಸರು. ಬೆರಳಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಂಡು, ಪಕ್ಕದಲ್ಲಿ ಸೀರೆ ಜೋಲಿಯಲ್ಲಿ ಮಗು ಮಲಗಿಸಿಕೊಂಡು. ಆ ಮಗುವೂ ಅದೇ ಧೂಳನ್ನೇ ಉಸಿರಾಡ್ತಿತ್ತು. ಕಲ್ಲುತಾತನ ಹೆಂಡತಿಯೂ ಅವರಲ್ಲಿ ಒಬ್ಬರು. ಈಗಲೂ ಇದ್ದಾರೆ. ಅವರಿಗೂ ಕೆಮ್ಮು.

ಸರಿ, ಇದರಲ್ಲಿ ನಮ್ಮದೇನು ಪಾತ್ರ ಅಂತೀರಾ? ಮರಳು ಸಿಗೋದು ಕಷ್ಟವಾದ ಮೇಲೆ ಬೆಂಗಳೂರಿನ ಕಟ್ಟಡಗಳು ಎಂ-ಸ್ಯಾಂಡಿಗೆ ತಿರುಗಿದವು. ಎಂ-ಸ್ಯಾಂಡ್ ಅಂದ್ರೆ ಏನು? ಅರೆದ ಬಂಡೆ. ನೀವಿರೋ ಫ್ಲ್ಯಾಟು ಒಂದು ಬೆಟ್ಟದ ತುಂಡು. ಅದರ ಇಎಂಐ ಎಷ್ಟು ಅಂತ ನಿಮಗೆ ಪೈಸೆ ಸಮೇತ ಗೊತ್ತು. ಅಡುಗೆಮನೆಯ ಕಟ್ಟೆಗೆ ಗ್ರಾನೈಟಾ ಕ್ವಾರ್ಟ್ಜಾ ಅಂತ ಎರಡು ವಾರ ಯೂಟ್ಯೂಬ್ ನೋಡಿ ತೀರ್ಮಾನ ಮಾಡಿದೀರಿ. ಆ ಕ್ವಾರ್ಟ್ಜ್ ಅನ್ನೋದು ಪುಡಿಗೆ ಅಂಟು ಬೆರೆಸಿ ಮಾಡಿದ ಕೃತಕ ಕಲ್ಲು, ಅದರಲ್ಲಿ ಸಿಲಿಕಾ ಗ್ರಾನೈಟಿಗಿಂತಲೂ ಬಹಳ ಹೆಚ್ಚು. ಅದನ್ನ ಕೊಯ್ಯುವ ಯುವಕರಿಗೆ ಸಿಲಿಕೋಸಿಸ್ ಬರ್ತಿದೆ ಅಂತ ಗೊತ್ತಾದ ಮೇಲೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನ ನಿಷೇಧಿಸಿತು. ಅಲ್ಲಿನ ಕಾರ್ಮಿಕ ಸಂಘಗಳು, ವೈದ್ಯರು ವರ್ಷಗಟ್ಟಲೆ ಗಲಾಟೆ ಮಾಡಿದ್ದಕ್ಕೆ ಅದು ಆಯ್ತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಟೈಲ್ಸ್, ಗ್ರಾನೈಟು ಕೊಯ್ಯೋ ಹುಡುಗ ಬಂದಾಗ ನಾವು ಮಾಡೋ ಗಲಾಟೆ ಏನು? "ಧೂಳು ಬರ್ತಿದೆ, ಬಾಗಿಲು ಹಾಕ್ಕೊಳಪ್ಪ." ನಾವು ಬಾಗಿಲ ಆಚೆ. ಅವನು ಧೂಳಿನ ಜೊತೆ ಒಳಗೆ.

ದೂರದ ಆಸ್ಟ್ರೇಲಿಯಾ ಬಿಡಿ. ರಾಜಸ್ಥಾನ ಸರ್ಕಾರ 2019ರಲ್ಲಿ ಈ ಧೂಳಿನ ಕಾಯಿಲೆಗಳಿಗೆಂದೇ ಒಂದು ನೀತಿ ತಂತು. ಸಿಲಿಕೋಸಿಸ್ ಅಂತ ಪ್ರಮಾಣಪತ್ರ ಸಿಕ್ಕವರಿಗೆ 3 ಲಕ್ಷ, ಸತ್ತರೆ ಮನೆಯವರಿಗೆ 2 ಲಕ್ಷ, ಮೇಲೆ ತಿಂಗಳ ಪಿಂಚಣಿ. ದುಡ್ಡು ಶ್ವಾಸಕೋಶ ವಾಪಸ್ ಕೊಡಲ್ಲ. ಆದ್ರೆ ಆ ಪ್ರಮಾಣಪತ್ರ ಒಂದು ಸತ್ಯವನ್ನ ಕಾಗದದ ಮೇಲೆ ಹಾಕುತ್ತೆ: ಈ ಮನುಷ್ಯ ಬೀಡಿ ಸೇದಿ ಸಾಯ್ತಿಲ್ಲ, ಹಣೆಬರಹದಿಂದ ಸಾಯ್ತಿಲ್ಲ, ಕೆಲಸದಿಂದ ಸಾಯ್ತಿದ್ದಾನೆ. ಕಲ್ಲುತಾತನ ಮನೆಯವರಿಗೆ ಆ ಒಂದು ಸಾಲು ಕೂಡ ಸಿಗಲಿಲ್ಲ.

ಕಾನೂನಿಗೆ ಬರ ಇಲ್ಲ. 1952ರಲ್ಲೇ ಗಣಿ ಕಾಯ್ದೆ ಬಂತು. ಕರ್ನಾಟಕದಲ್ಲಿ ಕ್ರಷರುಗಳನ್ನ ನಿಯಂತ್ರಿಸೋಕೆ 2011ರ ಕಾಯ್ದೆ ಇದೆ. 2015ರಲ್ಲಿ ಕೇಂದ್ರದ ಕಾನೂನು ತಿದ್ದುಪಡಿಯಾಗಿ ಗಣಿ ಇರುವ ಜಿಲ್ಲೆಗಳಿಗೆ ಜಿಲ್ಲಾ ಖನಿಜ ಪ್ರತಿಷ್ಠಾನ ಅಂತ ಬಂತು. ಗಣಿಯವರು ಕಟ್ಟುವ ದುಡ್ಡು ಗಣಿಯಿಂದ ನೊಂದವರಿಗೆ ಸೇರಲಿ ಅಂತಲೇ ಅದನ್ನ ಮಾಡಿದ್ದು. ಆ ದುಡ್ಡಿನಲ್ಲಿ ಒಂದು ಎಕ್ಸ್‌ರೇ ವ್ಯಾನು ಕ್ವಾರಿಯಿಂದ ಕ್ವಾರಿಗೆ ಓಡಾಡೋದು ದೊಡ್ಡ ಕೆಲಸವೇ? ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಕೆಮ್ಮಿಕೊಂಡು ಬಂದವರಿಗೆ "ಏನು ಕೆಲಸ ಮಾಡ್ತಿದ್ರಿ, ಎಷ್ಟು ವರ್ಷ?" ಅಂತ ಕೇಳಿ ಚೀಟಿಯಲ್ಲಿ ಬರೆಯೋಕೆ ಎಷ್ಟು ಖರ್ಚಾಗುತ್ತೆ?

ಪ್ರಶ್ನೆ ಕೇಳದೆ ಯಾವುದನ್ನೂ ಒಪ್ಪಬೇಡಿ ಅಂತ ಬದುಕೆಲ್ಲ ಹೇಳಿದ ಎಚ್. ನರಸಿಂಹಯ್ಯನವರು ನಮ್ಮ ಗೌರಿಬಿದನೂರು ಕಡೆಯ ಹೊಸೂರಿನವರು. ಅವರ ಊರಿನ ಕಡೆಯವನು ಅಂತ ಹೇಳಿಕೊಳ್ಳೋಕೆ ನನಗೆ ಹೆಮ್ಮೆ. ಆದ್ರೆ ನಾವು ಪ್ರಶ್ನೆ ಕೇಳೋದು ದೇವರು, ದೆವ್ವ, ಜ್ಯೋತಿಷ್ಯದ ಬಗ್ಗೆ ಮಾತ್ರ. ನಾವು ಕೊಳ್ಳುವ ವಸ್ತುವಿನ ಬಗ್ಗೆ ಕೇಳಲ್ಲ. ಫ್ಲ್ಯಾಟ್ ಬುಕ್ ಮಾಡುವಾಗ ಕ್ಲಬ್‌ಹೌಸ್ ಇದೆಯಾ ಅಂತ ಕೇಳ್ತೀವಿ. ಈ ಜಲ್ಲಿ ಎಲ್ಲಿಂದ ಬಂತು, ಆ ಕ್ರಷರಿನಲ್ಲಿ ನೀರು ಸಿಂಪಡಿಸ್ತಾರಾ ಅಂತ ಒಬ್ಬರು ಕೇಳಿದ್ದು ಕೇಳಿಲ್ಲ. ಬಿಲ್ಡರ್ ನಗಬಹುದು. ನೂರು ಜನ ಕೇಳಿದ್ರೆ ನಗಲ್ಲ. ಮನೆಗೆ ಕಲ್ಲು ಕೊಯ್ಯೋಕೆ ಬಂದ ಹುಡುಗನಿಗೆ ನೀರು ಹಾಕಿ ಕೊಯ್ಯೋ ಯಂತ್ರ ತಾ ಅಂತ ಮೇಸ್ತ್ರಿಗೆ ಹೇಳಿ, ಅದಕ್ಕೆ ಹೆಚ್ಚಿಗೆ ಕಾಸು ಕೇಳಿದ್ರೆ ಚೌಕಾಸಿ ಮಾಡದೆ ಕೊಡಿ. ನಮ್ಮ ನೂರು ಪ್ರಶ್ನೆ ಸರ್ಕಾರದ ಕೆಲಸಕ್ಕೆ ಬದಲಿ ಅಂತ ನಾನು ಹೇಳ್ತಿಲ್ಲ. ಸರ್ಕಾರವನ್ನ ಕೇಳೋಕೂ ಮೊದಲು ಈ ವಿಷಯ ಇದೆ ಅಂತ ನಮಗೆ ಗೊತ್ತಿರಬೇಕು ಅಂತಿದೀನಿ. ಆಮೇಲೆ, ಆ ಜಾತಿಯ ಹೆಸರನ್ನ ಬೈಗುಳವಾಗಿ ಆಡೋದು ಇವತ್ತೇ ನಿಲ್ಲಲಿ. ಅದಕ್ಕೆ ಯಾವ ಕಾಯ್ದೆಯೂ ಬೇಡ, ಬಜೆಟ್ಟೂ ಬೇಡ.

ದಿನಾ ಕಲ್ಲು ಒಡೆಯುವವರು ನಮಗೆ ಕಂಡಿದ್ದು ಎರಡೇ ಥರ. ಪರದೆ ಮೇಲೆ ಮುದ್ದು ಪ್ರಾಣಿ, ಪರದೆಯಾಚೆ ಬೈಗುಳ. ಎರಡರಲ್ಲೂ ಮನುಷ್ಯ ಇಲ್ಲ. ನಮಗೆ ಬೇಕಾಗಿರೋದು ಖುಷಿಯಾಗಿರುವ ಕಲ್ಲಿನ ಜನ. ಅವರು ಖುಷಿಯಾಗಿದ್ದಾರೆ ಅಂದುಕೊಂಡರೆ ನಾವು ಏನನ್ನೂ ಕೊಡಬೇಕಾಗಿಲ್ಲ.

ದ್ರಾಕ್ಷಿ ತೋಟ ಈಗಿಲ್ಲ. ಬೋರ್‌ವೆಲ್ ಬತ್ತಿದ ಮೇಲೆ ಅಪ್ಪ ಬಳ್ಳಿ ಕೀಳಿಸಿದರು. ಕಲ್ಲುಕೂಚ ಮಾತ್ರ ನಿಂತಿವೆ, ಒಂದೂ ವಾಲಿಲ್ಲ. ದೀಪಾವಳಿಯ ಮಾರನೇ ದಿನ ಅಕ್ಕನ ಮಗನನ್ನ ಅಲ್ಲಿಗೆ ಕರ್ಕೊಂಡು ಹೋದೆ. ಕೂಚದ ಅಂಚಿನಲ್ಲಿ ಅರ್ಧ ಉಳಿದ ಬೆಣೆ ಗುಳಿಗಳನ್ನ ಬೆರಳಿಟ್ಟು ತೋರಿಸಿದೆ. ಹುಡುಗ ಎಣಿಸಿದ, ಒಂದು ಕೂಚಕ್ಕೆ ಹನ್ನೊಂದು. "ಇದು ಯಾರು ಮಾಡಿದ್ದು ಮಾಮ?" ಅಂದ.

ಈ ಸಲ ಗೊರಾನ್ ಅನ್ನಲಿಲ್ಲ. ಹೆಸರು ಹೇಳಿದೆ. ಊರಿನೊಳಗೆ ಅವರ ಮನೆ ಎಲ್ಲಿದೆ ಅಂತ ಹೇಳಿದೆ. ವಾಪಸ್ ಬರುವಾಗ ಆ ಮನೆಗೆ ಹೋದ್ವಿ. ಅಜ್ಜಿ ಬಾಗಿಲಲ್ಲಿ ಕೂತಿದ್ದರು. ನನ್ನ ಗುರುತು ಸಿಗೋಕೆ ಒಂದು ನಿಮಿಷ ಬೇಕಾಯ್ತು. ಸಿಕ್ಕ ಮೇಲೆ ಕೇಳಿದ್ದು ಅದೇ: "ತಿಂಟಿವಾ ನಾಯ್ನಾ?"

ತಿಂದೆ ಅಜ್ಜಿ, ನೀವು ತಿಂದ್ರಾ ಅಂದೆ. ಉತ್ತರ ಹೇಳೋ ಮುಂಚೆ ಅವರಿಗೆ ಕೆಮ್ಮು ಬಂತು. ಅದು ನಿಲ್ಲೋವರೆಗೂ ನಾವಿಬ್ಬರೂ ಅಲ್ಲೇ ನಿಂತಿದ್ವಿ.